ಲೆನ್ಸಿಗೆ ಯಾವ ಫಿಲ್ಟರ್ ಬೇಕು, ಯಾವಾಗ ಹಾಕ್ಬೇಕು, ಯಾವಾಗ ಬಿಚ್ಬೇಕು

ಹೊಸದಾಗಿ ಕ್ಯಾಮೆರಾ ತಗೊಂಡೋರು ಮೊದಲು ಕೇಳೋದೇ ಇದು, ಇದ್ರ ಜೊತೆ ಇನ್ನೇನ್ ತಗೋಬೇಕು ಅಂತ. ಆನ್‌ಲೈನಲ್ಲಿ ಹುಡುಕಿದ್ರೆ ಹತ್ತು ಹನ್ನೆರಡು ಫಿಲ್ಟರಿನ ಸೆಟ್ಟು ಕಾಣ್ಸುತ್ತೆ, ಕೆಂಪು, ಹಳದಿ, ನೀಲಿ, ಕಿತ್ಳೆ ಎಲ್ಲಾ ಬಣ್ಣನೂ ಇರುತ್ತೆ, ಇಷ್ಟೆಲ್ಲಾ ಬರುತ್ತಲ್ಲಾ ಅಂತ ಆಸೆನೂ ಆಗುತ್ತೆ. ದಯವಿಟ್ಟು ಅದನ್ನ ತಗೋಬೇಡಿ. ಬಣ್ಣದ ಫಿಲ್ಟರು ಫಿಲ್ಮ್ ಕಾಲದಲ್ಲಿ ಬೇಕಾಗಿತ್ತು, ಈಗ ರಾ ಫೈಲಲ್ಲಿ, ಅಂದ್ರೆ ಸೆನ್ಸರಿನ ಮಾಹಿತಿನ ಹಾಗೇ ಉಳಿಸೋ ಫೈಲಲ್ಲಿ, ವೈಟ್ ಬ್ಯಾಲೆನ್ಸ್ (ಫೋಟೋದ ಒಟ್ಟು ಬಣ್ಣದ ಛಾಯೆ) ಆಮೇಲೆ ಬದಲಾಯಿಸ್ಬೋದು, ಬ್ಲ್ಯಾಕ್ ಅಂಡ್ ವೈಟ್ ಮಾಡೋವಾಗ ಯಾವ ಬಣ್ಣ ಎಷ್ಟು ಕಪ್ಪಾಗ್ಬೇಕು ಅಂತನೂ ಕಂಪ್ಯೂಟರಲ್ಲೇ ಎಳ್ಕೋಬೋದು. ನಾನು ಫಿಲ್ಟರ್ ಕೊಳ್ಳೋ ಮುಂಚೆ ಕೇಳ್ಕೊಳ್ಳೋದು ಒಂದೇ, ಈ ಕೆಲಸ ಫೋಟೋ ತೆಗೆದ ಮೇಲೆ ಮಾಡೋಕಾಗುತ್ತಾ? ಆಗುತ್ತೆ ಅಂದ್ರೆ ದುಡ್ಡು ಹಾಕಲ್ಲ. ಆಗದೇ ಇರೋದು ಮುಖ್ಯವಾಗಿ ಎರಡು, ನೀರು ಎಲೆ ಗಾಜಿನ ಮೇಲಿನ ಹೊಳಪು ತೆಗೆಯೋದು, ಬಿಸಿಲಲ್ಲೂ ಶಟರ್ ತುಂಬಾ ಹೊತ್ತು ತೆರೆದಿಡೋದು. ಮೊದಲನೇದಕ್ಕೆ ಪೋಲರೈಸರ್, ಎರಡನೇದಕ್ಕೆ ಬೆಳಕು ಕಮ್ಮಿ ಮಾಡೋ ನ್ಯೂಟ್ರಲ್ ಡೆನ್ಸಿಟಿ, ಅಂದ್ರೆ ಎನ್‌ಡಿ.

ಫಿಲ್ಟರಿಗಿಂತ ಮುಂಚೆ ಲೆನ್ಸಿನ ಬಗ್ಗೆ ಸ್ವಲ್ಪ. ಕ್ಯಾಮೆರಾ ಜೊತೆ ಬರೋ 18-55 ಲೆನ್ಸನ್ನ (ಕಿಟ್ ಲೆನ್ಸ್ ಅಂತಾರೆ) ಕೀಳಾಗಿ ನೋಡ್ಬೇಡಿ, ಎಫ್ 8 ಇಟ್ಟು (ಎಫ್ ಅಂದ್ರೆ ಲೆನ್ಸು ಎಷ್ಟು ತೆರೆದಿದೆ ಅನ್ನೋ ಅಳತೆ, ನಂಬರ್ ಚಿಕ್ಕದಾದಷ್ಟೂ ಜಾಸ್ತಿ ತೆರೆದಿರುತ್ತೆ) ಟ್ರೈಪಾಡ್ ಮೇಲೆ ತೆಗೆದ್ರೆ ಅದು ಕೊಡೋ ಫೋಟೋ ನೋಡಿ ಯಾವ ಲೆನ್ಸು ಅಂತ ಹೇಳೋದು ಕಷ್ಟ. ಮುಂದಿನ ಲೆನ್ಸು ಯಾವ್ದು ಅಂತ ಗೊತ್ತಾಗ್ಬೇಕಾದ್ರೆ ಯಾರನ್ನೂ ಕೇಳೋದು ಬೇಡ, ನಿಮ್ಮದೇ ಹಳೇ ಫೋಟೋಗಳಲ್ಲಿ ಇಷ್ಟ ಆಗಿರೋ ಒಂದು ನೂರು ಆರಿಸಿ, ಪ್ರತಿ ಫೈಲಿನ ಡೀಟೇಲ್ಸಲ್ಲಿ ಫೋಕಲ್ ಲೆಂತ್ (18, 55 ಥರದ ಎಂಎಂ ನಂಬರು, ಚಿಕ್ಕದಾದಷ್ಟೂ ಅಗಲ, ದೊಡ್ಡದಾದಷ್ಟೂ ಹತ್ರ ಕಾಣುತ್ತೆ) ಬರ್ದಿರುತ್ತೆ, ಅದನ್ನ ನೋಡ್ತಾ ಹೋಗಿ. ಜಾಸ್ತಿ 18ರ ಹತ್ರ ಇದ್ರೆ ನಿಮಗೆ ಬೇಕಿರೋದು ಇನ್ನೂ ಅಗಲದ್ದು, 55ಕ್ಕೇ ಅಂಟ್ಕೊಂಡಿದ್ರೆ ದೂರದ್ದನ್ನ ಹತ್ರ ತೋರ್ಸೋ ಟೆಲಿ. ಮನೆಯೊಳಗೆ, ಸಂಜೆ ಹೊತ್ತು, ಮಕ್ಕಳ ಫೋಟೋ ಎಲ್ಲಾ ಅಲುಗಾಡಿ ಬರ್ತಿದೆ ಅಂದ್ರೆ 50 ಎಂಎಂ ಎಫ್ 1.8 ತಗೊಳ್ಳಿ. ಕಿಟ್ ಲೆನ್ಸು 55ರಲ್ಲಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯಲ್ಲ, ಎಫ್ 1.8 ಅಂದ್ರೆ ಅದಕ್ಕಿಂತ ಮೂರು ಸ್ಟಾಪಿಗೂ ಮೇಲೆ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು ಅಥವಾ ಅರ್ಧ), ಹೆಚ್ಚುಕಮ್ಮಿ ಒಂಬತ್ತು ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. ಅಲ್ಲಿ 1/15 ಸೆಕೆಂಡ್ ಶಟರಲ್ಲಿ ಕೈ ನಡುಗಿ ಹಾಳಾಗ್ತಿದ್ದ ಫೋಟೋ ಇಲ್ಲಿ 1/125ರಲ್ಲಿ ಬರುತ್ತೆ. ಸೆನ್ಸರ್ ಚಿಕ್ಕದಿದ್ರೆ, ಅಂದ್ರೆ 1.5 ಕ್ರಾಪ್ ಆಗಿದ್ರೆ, ಆ 50 ದೊಡ್ಡ (ಫುಲ್ ಫ್ರೇಮ್) ಸೆನ್ಸರಿನ 75 ಥರ ಹತ್ರ ಕಾಣುತ್ತೆ, ಪೋರ್ಟ್ರೇಟಿಗೆ ಹೇಳಿ ಮಾಡಿಸಿದ ಹಾಗಿರುತ್ತೆ, ಆದ್ರೆ ಚಿಕ್ಕ ರೂಮಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತ್ರೂ ನಾಲ್ಕು ಜನ ಹಿಡಿಸಲ್ಲ, ಅದು ನೆನಪಿರ್ಲಿ.

ಈಗ ಫಿಲ್ಟರಿನ ಸೈಜು. ಲೆನ್ಸಿನ ಮುಂದುಗಡೆ ಅಥವಾ ಕ್ಯಾಪಿನ ಒಳಗಡೆ ಸೊನ್ನೆಗೆ ಅಡ್ಡಗೆರೆ ಎಳೆದ ಹಾಗೆ ಒಂದು ಗುರುತು, ಪಕ್ಕದಲ್ಲಿ 52, 58, 67, 77 ಹೀಗೆ ನಂಬರ್ ಇರುತ್ತೆ, ಅದು ಫಿಲ್ಟರ್ ಕೂರೋ ಥ್ರೆಡ್ಡಿನ ಸೈಜು. ಫೋಕಲ್ ಲೆಂತೂ ಎಂಎಂನಲ್ಲೇ ಇರೋದ್ರಿಂದ ಎರಡನ್ನೂ ಗೊಂದಲ ಮಾಡ್ಕೊಂಡು 50 ಎಂಎಂ ಲೆನ್ಸಿಗೆ 50ರ ಫಿಲ್ಟರ್ ತರಿಸ್ದೋರನ್ನ ನೋಡಿದೀನಿ. ಪ್ರತಿ ಲೆನ್ಸಿಗೂ ಬೇರೆ ಬೇರೆ ಫಿಲ್ಟರ್ ಬೇಡ, ನಿಮ್ಮತ್ರ ಇರೋದ್ರಲ್ಲಿ ಅತಿ ದೊಡ್ಡ ಥ್ರೆಡ್ ಯಾವ್ದೋ ಅದಕ್ಕೆ ಒಂದೇ ಒಂದು ಒಳ್ಳೇ ಫಿಲ್ಟರ್ ತಗೊಂಡು ಉಳಿದ ಲೆನ್ಸುಗಳಿಗೆ, ಚಿಕ್ಕ ಥ್ರೆಡ್ಡಿಗೆ ದೊಡ್ಡ ಫಿಲ್ಟರ್ ಕೂರಿಸೋ ಸ್ಟೆಪ್ ಅಪ್ ರಿಂಗ್ ಹಾಕ್ಕೊಳ್ಳಿ. ರಿಂಗ್ ಹಾಕಿದಾಗ ಸಾಮಾನ್ಯವಾಗಿ ಲೆನ್ಸ್ ಹುಡ್ (ಲೆನ್ಸಿನ ಮುಂದೆ ಹಾಕೋ ನೆರಳಿನ ಕೊಳವೆ) ಕೂರಲ್ಲ, ಬಿಸಿಲು ನೇರ ಗಾಜಿಗೆ ಬೀಳ್ತಿದ್ರೆ ಕೈಯಿಂದ ನೆರಳು ಹಿಡೀಬೇಕಾಗುತ್ತೆ, ಅಷ್ಟೇ ತೊಂದ್ರೆ. ಉಲ್ಟಾ, ಅಂದ್ರೆ ದೊಡ್ಡ ಲೆನ್ಸಿಗೆ ಚಿಕ್ಕ ಫಿಲ್ಟರ್ ಕೂರಿಸೋ ಸ್ಟೆಪ್ ಡೌನ್ ರಿಂಗ್ ಬೇಡ, ಮೂಲೆಗಳು ಕಪ್ಪಾಗ್ತವೆ.

ಪೋಲರೈಸರ್ ಬಗ್ಗೆ ಹೇಳೋಕೆ ಶುರು ಮಾಡಿದ್ರೆ ನನಗೆ ನಿಲ್ಸೋಕೆ ಬರಲ್ಲ. ಒಂದು ಕೆಲಸ ಮಾಡಿ, ಮಳೆ ನಿಂತ ಮೇಲೆ ಒಂದು ಒದ್ದೆ ಗಿಡದ ಮುಂದೆ ನಿಂತು ಫಿಲ್ಟರನ್ನ ಕ್ಯಾಮೆರಾಗೆ ಹಾಕ್ದೆ ಬರೀ ಕಣ್ಣಿನ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ. ಎಲೆ ಮೇಲೆ ಬಿಳೀ ಬಿಳೀ ಪೊರೆ ಥರ ಒಂದು ಹೊಳಪು ಇರುತ್ತೆ, ನಾವು ದಿನಾ ನೋಡಿ ನೋಡಿ ಅದು ಇದೆ ಅಂತನೇ ಗೊತ್ತಿರಲ್ಲ. ತಿರುಗಿಸ್ತಾ ಹೋದ ಹಾಗೆ ಆ ಪೊರೆ ತೆಳ್ಳಗಾಗುತ್ತೆ, ಒಂದು ಹಂತದಲ್ಲಿ ಪೂರ್ತಿ ಕರಗಿ ಕೆಳಗಿಂದ ಗಾಢ ಹಸಿರು ಎದ್ದು ಬರುತ್ತೆ, ಎಲೆಯ ನರಗಳು ಒಂದೊಂದಾಗಿ ಕಾಣ್ಸುತ್ತೆ. ಇನ್ನೂ ಸ್ವಲ್ಪ ತಿರುಗಿಸಿದ್ರೆ ಪೊರೆ ವಾಪಸ್ ಬರುತ್ತೆ. ಕಂಪ್ಯೂಟರಲ್ಲಿ ಹಸಿರು ಜಾಸ್ತಿ ಮಾಡಿದ್ರೆ ಇದು ಸಿಗಲ್ಲ, ಯಾಕಂದ್ರೆ ಹೊಳಪಿನ ಕೆಳಗೆ ಏನಿತ್ತು ಅನ್ನೋ ಮಾಹಿತಿ ಫೈಲಿಗೆ ಬಂದೇ ಇರಲ್ಲ. ನೀರು, ಗಾಜು, ಎಲೆ ಇಂಥದ್ರ ಮೇಲಿಂದ ಓರೆಯಾಗಿ ಪ್ರತಿಫಲಿಸೋ ಬೆಳಕು ಒಂದೇ ದಿಕ್ಕಲ್ಲಿ ಕಂಪಿಸ್ತಿರುತ್ತೆ, ಫಿಲ್ಟರು ಆ ದಿಕ್ಕನ್ನ ತಡೆಯುತ್ತೆ, ಒಳಗಿಂದ ಬರೋ ಬೆಳಕನ್ನ ಬಿಡುತ್ತೆ. ನೀರಿಗೆ ಈ ಪರಿಣಾಮ ಅತಿ ಜಾಸ್ತಿ ಇರೋದು ನೇರ ಮೇಲಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ನೋಡಿದಾಗ, ಹಾಗಾಗಿ ಕೊಳದಲ್ಲಿ ಮೀನು ಕಾಣ್ಬೇಕು ಅಂದ್ರೆ ನೇರ ಕೆಳಗೆ ಬಗ್ಗಿ ನೋಡ್ಬೇಡಿ, ಒಂದೆರಡು ಹೆಜ್ಜೆ ಹಿಂದೆ ಬಂದು ಓರೆಯಾಗಿ ನೋಡಿ. ಬರೀ ಲೋಹದ ಮೇಲಿನ ಹೊಳಪಿಗೆ ಮಾತ್ರ ಇದು ಕೆಲಸ ಮಾಡಲ್ಲ, ಸ್ಟೀಲ್ ಪಾತ್ರೆ ಮುಂದೆ ಎಷ್ಟು ತಿರುಗಿಸಿದ್ರೂ ಅಷ್ಟೇ.

ಆಕಾಶಕ್ಕೆ ಬಂದ್ರೆ, ಸೂರ್ಯನಿಂದ 90 ಡಿಗ್ರಿ ಪಕ್ಕಕ್ಕಿರೋ ಭಾಗ ಅತಿ ಗಾಢ ನೀಲಿ ಆಗುತ್ತೆ. ಅದು ಎಲ್ಲಿದೆ ಅಂತ ಕಂಡುಹಿಡಿಯೋಕೆ ತೋರುಬೆರಳನ್ನ ಸೂರ್ಯನ ಕಡೆ ಮಾಡಿ, ಹೆಬ್ಬೆರಳನ್ನ ಅಡ್ಡಕ್ಕೆ ಚಾಚಿ, ಈಗ ಮಣಿಕಟ್ಟನ್ನ ತಿರುಗಿಸಿದ್ರೆ ಹೆಬ್ಬೆರಳು ಎಲ್ಲೆಲ್ಲಿ ತೋರ್ಸುತ್ತೋ ಅಲ್ಲೆಲ್ಲಾ ಪರಿಣಾಮ ಜೋರು. ಸೂರ್ಯನನ್ನ ಬೆನ್ನಿಗೆ ಹಾಕ್ಕೊಂಡು ಅಥವಾ ಎದುರಿಗೆ ಇಟ್ಕೊಂಡು ತಿರುಗಿಸಿ, ಏನೂ ಆಗ್ತಿಲ್ಲ ಫಿಲ್ಟರ್ ಡೂಪ್ಲಿಕೇಟು ಅಂತ ಬೈಯ್ಯೋರು ಇದಾರೆ, ತಪ್ಪು ಫಿಲ್ಟರಿನದಲ್ಲ. ಹಾಗೇ 18 ಎಂಎಂ ಥರದ ಅಗಲದ ಲೆನ್ಸಲ್ಲಿ ಎಚ್ಚರ, ಫ್ರೇಮಲ್ಲಿ ಆಕಾಶ ಎಷ್ಟು ಅಗಲ ಬರುತ್ತೆ ಅಂದ್ರೆ ಒಂದು ಕಡೆ ಕಡುನೀಲಿ ಪಟ್ಟಿ, ಆಚೀಚೆ ಪೇಲವ, ನೋಡೋಕೆ ಕಲೆ ಬಿದ್ದ ಹಾಗಿರುತ್ತೆ, ಅದನ್ನ ಆಮೇಲೆ ಸರಿ ಮಾಡೋದು ಬಹಳ ತ್ರಾಸು. ಕಾಮನಬಿಲ್ಲು ತೆಗೆಯೋವಾಗಲೂ ನೋಡ್ಕೊಂಡು ತಿರುಗಿಸಿ, ತಪ್ಪು ಕಡೆ ತಿರುಗಿಸಿದ್ರೆ ಬಿಲ್ಲೇ ಮಾಯ ಆಗುತ್ತೆ, ಸರಿಯಾಗಿ ತಿರುಗಿಸಿದ್ರೆ ಇನ್ನೂ ಎದ್ದು ಕಾಣುತ್ತೆ.

ಕೊಳ್ಳೋವಾಗ ಸಿಪಿಎಲ್ ಅಂತ ಬರ್ದಿರೋದನ್ನೇ ತಗೊಳ್ಳಿ, ಅಂದ್ರೆ ಸರ್ಕ್ಯುಲರ್ ಪೋಲರೈಸರ್. ಬರೀ ಲೀನಿಯರ್ ಆದ್ರೆ ಕನ್ನಡಿ ಇರೋ ಡಿಎಸ್ಎಲ್ಆರ್‌ಗಳ ಆಟೋಫೋಕಸ್ಸು, ಮೀಟರಿಂಗು (ಬೆಳಕು ಅಳೆಯೋದು) ಎಡವುತ್ತೆ. ಪರೀಕ್ಷೆ ಸುಲಭ, ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆ ಮೇಲೆ ಬಿಳೀ ಪುಟ ತೆರೆದು ಫಿಲ್ಟರಿನ ಮುಂಭಾಗ ಪರದೆ ಕಡೆ ಮಾಡಿ ತಿರುಗಿಸಿ, ಒಂದು ಕಡೆ ಪರದೆ ಕಪ್ಪಾಗ್ಬೇಕು, ಈಗ ಫಿಲ್ಟರನ್ನ ಹಿಂದುಮುಂದು ಮಾಡಿ ಥ್ರೆಡ್ ಇರೋ ಕಡೆ ಪರದೆಗೆ ಹಿಡಿದು ತಿರುಗಿಸಿದ್ರೆ ಅಷ್ಟು ಕಪ್ಪಾಗ್ಬಾರ್ದು, ಬಣ್ಣ ಸ್ವಲ್ಪ ಹಳದಿ ನೀಲಿ ಅಂತ ಬದಲಾಗುತ್ತೆ ಅಷ್ಟೇ. ಎರಡು ಕಡೆನೂ ಒಂದೇ ಥರ ಕಪ್ಪಾದ್ರೆ ಅದು ಸರ್ಕ್ಯುಲರ್ ಅಲ್ಲ.

ಬಳಸೋವಾಗ ಎರಡು ಅಭ್ಯಾಸ ಮಾಡ್ಕೊಳ್ಳಿ. ಕೆಲವು ಲೆನ್ಸುಗಳಲ್ಲಿ ಫೋಕಸ್ ಮಾಡಿದಾಗ ಮುಂದಿನ ಭಾಗ ಪೂರ್ತಿ ತಿರುಗುತ್ತೆ, ಆಗ ನೀವು ಕಷ್ಟಪಟ್ಟು ಇಟ್ಟ ಕೋನ ಹೋಯ್ತು, ಅದಕ್ಕೇ ಮೊದಲು ಫೋಕಸ್, ಆಮೇಲೆ ಫಿಲ್ಟರ್. ಇನ್ನೊಂದು, ತಿರುಗಿಸೋವಾಗ ಯಾವಾಗ್ಲೂ ಬಿಗಿಯಾಗೋ ದಿಕ್ಕಿಗೇ ತಿರುಗಿಸಿ. ಸಡಿಲ ಆಗೋ ದಿಕ್ಕಿಗೆ ತಿರುಗಿಸ್ತಾ ಹೋದ್ರೆ ಥ್ರೆಡ್ಡಿಂದ ಬಿಚ್ಕೊಂಡು ಬರುತ್ತೆ, ನನ್ನ ಮೊದಲನೇ ಸಿಪಿಎಲ್ ಒಂದು ಸೇತುವೆ ಮೇಲಿಂದ ಹಾಗೇ ನೀರಿಗೆ ಹೋಯ್ತು.

ಎನ್‌ಡಿ ಅಂದ್ರೆ ಲೆನ್ಸಿಗೆ ಹಾಕೋ ಕೂಲಿಂಗ್ ಗ್ಲಾಸ್, ಬಣ್ಣ ಬದಲಾಯಿಸ್ದೆ ಬೆಳಕು ಕಮ್ಮಿ ಮಾಡುತ್ತೆ. ಹೆಸರುಗಳೇ ತಲೆ ಕೆಡಿಸ್ತವೆ, ಒಬ್ರು ಎನ್‌ಡಿ 8 ಅಂತಾರೆ, ಇನ್ನೊಬ್ರು ಅದನ್ನೇ 0.9 ಅಂತಾರೆ, ಎರಡೂ ಮೂರು ಸ್ಟಾಪೇ. 0.3 ಅಂದ್ರೆ ಒಂದು ಸ್ಟಾಪ್ ಅಂತ ಇಟ್ಕೊಳ್ಳಿ, ಎನ್‌ಡಿ 64 ಅಂದ್ರೆ 1.8, ಆರು ಸ್ಟಾಪ್, ಎನ್‌ಡಿ 1000 ಅಂದ್ರೆ 3.0, ಹತ್ತು ಸ್ಟಾಪ್. ಲೆಕ್ಕಕ್ಕೆ ಆಪ್ ಬೇಡ, ಬೆರಳು ಸಾಕು. ಫಿಲ್ಟರ್ ಇಲ್ದೆ ಮೀಟರ್ 1/60 ತೋರಿಸ್ತಿದೆ ಅನ್ಕೊಳ್ಳಿ, ಒಂದೊಂದು ಬೆರಳಿಗೂ ಡಬಲ್ ಮಾಡ್ತಾ ಹೋಗಿ, 1/30, 1/15, 1/8, ಇಲ್ಲಿಗೆ ಮೂರು ಸ್ಟಾಪ್, ಆಮೇಲೆ 1/4, 1/2, 1 ಸೆಕೆಂಡ್, ಇದು ಆರು, ಮುಂದೆ 2, 4, 8, 16, ಹತ್ತು ಬೆರಳು ಮುಗೀತು, ಶಟರ್ 16 ಸೆಕೆಂಡ್ ಇಡಿ.

ಹತ್ತು ಸ್ಟಾಪ್ ಹಾಕಿದ ಮೇಲೆ ವ್ಯೂಫೈಂಡರಲ್ಲಿ ಏನೂ ಸರಿಯಾಗಿ ಕಾಣಲ್ಲ, ಆಟೋಫೋಕಸ್ಸೂ ತಡಕಾಡುತ್ತೆ. ಹಾಗಾಗಿ ಟ್ರೈಪಾಡ್ ಮೇಲಿಟ್ಟು, ಫ್ರೇಮ್ ಕೂಡಿಸಿ, ಫೋಕಸ್ ಮಾಡಿ, ಲೆನ್ಸನ್ನ ಮ್ಯಾನುಯಲ್ಲಿಗೆ ತಳ್ಳಿ, ಲೆನ್ಸಿನ ಸ್ಟೆಬಿಲೈಸೇಷನ್ (ಕೈ ನಡುಕ ಸರಿ ಮಾಡೋ ವ್ಯವಸ್ಥೆ) ಆಫ್ ಮಾಡಿ, ಆಮೇಲೆ ಫೋಕಸ್ ರಿಂಗ್ ಅಲ್ಲಾಡದ ಹಾಗೆ ಫಿಲ್ಟರ್ ಹಾಕಿ. ಡಿಎಸ್ಎಲ್ಆರ್ ಆಗಿದ್ರೆ ಹಿಂದಿನ ವ್ಯೂಫೈಂಡರನ್ನ ಬಟ್ಟೆಯಿಂದ ಮುಚ್ಚಿ, ಅಲ್ಲಿಂದ ನುಗ್ಗೋ ಬೆಳಕು ಇಷ್ಟು ಹೊತ್ತಿನ ಎಕ್ಸ್‌ಪೋಷರಲ್ಲಿ ಫೋಟೋ ಮೇಲೆ ಬೀಳ್ಬೋದು. ರಿಮೋಟ್ ಇಲ್ಲಾಂದ್ರೆ 2 ಸೆಕೆಂಡ್ ಟೈಮರ್. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ರೆ 16 ಸೆಕೆಂಡಿನ ಫೋಟೋ ಆದ್ಮೇಲೆ ಇನ್ನೊಂದು 16 ಸೆಕೆಂಡ್ ಕ್ಯಾಮೆರಾ ಸುಮ್ನೆ ಕೂರುತ್ತೆ, ಕೆಟ್ಟೋಯ್ತು ಅಂತ ಗಾಬರಿ ಆಗಿ ಬ್ಯಾಟರಿ ಕೀಳ್ಬೇಡಿ.

ಹರಿಯೋ ನೀರಿಗೆ ಜಾಸ್ತಿ ಹೊತ್ತು ಇಟ್ಟಷ್ಟೂ ಚೆಂದ ಅನ್ನೋದನ್ನ ನಾನು ಒಪ್ಪಲ್ಲ. 1/4ರಿಂದ 1 ಸೆಕೆಂಡಿನೊಳಗೆ ನೀರು ರೇಷ್ಮೆ ಎಳೆ ಥರ ಬಂದ್ರೂ ಎಲ್ಲಿಂದ ಬಿತ್ತು, ಯಾವ ಕಲ್ಲು ಸುತ್ತಿ ಹೋಯ್ತು ಅನ್ನೋ ಗೆರೆ ಉಳಿದಿರುತ್ತೆ, 20 ಸೆಕೆಂಡ್ ಇಟ್ರೆ ಬಿಳೀ ಹತ್ತಿ ತುರುಕಿದ ಹಾಗಾಗುತ್ತೆ. ಮೋಡ ಮುಚ್ಚಿದ ದಿನ ಅಥವಾ ಸಂಜೆ ಕಾಡೊಳಗಿನ ಝರಿಗೆ ನಾನು ಎನ್‌ಡಿ ತೆಗೆಯೋದೇ ಇಲ್ಲ, ಸಿಪಿಎಲ್ಲೇ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತೆ, ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸ್ಬೇಕು ಅನ್ನೋ ಸೆಟ್ಟಿಂಗು) 100, ಎಫ್ 11 ಇಟ್ರೆ ಶಟರ್ ತಾನಾಗೇ ಅರ್ಧ ಸೆಕೆಂಡಿನ ಹತ್ರ ಬರುತ್ತೆ, ಜೊತೆಗೆ ಒದ್ದೆ ಕಲ್ಲಿನ ಹೊಳಪೂ ಹೋಗಿ ಪಾಚಿಯ ಹಸಿರು ಸಿಗುತ್ತೆ. ತಿರುಗಿಸಿದ್ರೆ ಕಪ್ಪಾಗೋ ವೇರಿಯಬಲ್ ಎನ್‌ಡಿ ವಿಡಿಯೋ ಮಾಡೋರಿಗೆ ಅನುಕೂಲ, ಅದು ಅಸಲಿಗೆ ಎರಡು ಪೋಲರೈಸರ್ ಒಂದರ ಮೇಲೊಂದು ಇಟ್ಟಿರೋದು, ಅಗಲದ ಲೆನ್ಸಲ್ಲಿ ಪೂರ್ತಿ ತಿರುಗಿಸಿದ್ರೆ ಆಕಾಶದ ತುಂಬಾ ಗುಣಾಕಾರ ಚಿಹ್ನೆ ಥರ ಕಪ್ಪು ನೆರಳು ಬೀಳುತ್ತೆ. ಅರ್ಧ ಕಪ್ಪು ಅರ್ಧ ಪಾರದರ್ಶಕ ಇರೋ ಗ್ರ್ಯಾಜುಯೇಟೆಡ್ ಫಿಲ್ಟರ್ ಬದಲು ಬೇರೆ ಬೇರೆ ಎಕ್ಸ್‌ಪೋಷರಲ್ಲಿ ಎರಡು ಮೂರು ಫೋಟೋ ತೆಗೆದು ಸೇರಿಸ್ಬೋದು, ಹಾಗಾಗಿ ಅದನ್ನ ಬಿಟ್ಟಿದೀನಿ. ಚಿಕ್ಕ ವಸ್ತುಗಳನ್ನ ಹತ್ರದಿಂದ ತೆಗೆಯೋ ಮ್ಯಾಕ್ರೋ ಲೆನ್ಸಿಗೆ ದುಡ್ಡಿಲ್ಲ ಅನ್ನೋರು ಕ್ಲೋಸಪ್ ಫಿಲ್ಟರ್ ನೋಡಿ, 100ನ್ನ ಅದರ ಮೇಲಿನ ನಂಬರಿಂದ ಭಾಗಿಸಿದ್ರೆ ಲೆನ್ಸು ಇನ್ಫಿನಿಟಿಯಲ್ಲಿದ್ದಾಗ (ಬಹುದೂರಕ್ಕೆ ಫೋಕಸ್ ಇಟ್ಟಾಗ) ಎಷ್ಟು ಸೆಂಟಿಮೀಟರಿಗೆ ಫೋಕಸ್ ಆಗುತ್ತೆ ಅಂತ ಗೊತ್ತಾಗುತ್ತೆ, +2 ಆದ್ರೆ 50, +4 ಆದ್ರೆ 25. ಟೆಲಿ ಲೆನ್ಸಿಗೆ ಹಾಕಿದ್ರೆ ಹೂವು ಇನ್ನೂ ದೊಡ್ಡದಾಗಿ ಬರುತ್ತೆ.

ಯುವಿ ಫಿಲ್ಟರ್ ವಿಷ್ಯ. ಡಿಜಿಟಲ್ ಸೆನ್ಸರಿನ ಮುಂದೆ ಯುವಿ ತಡೆಯೋ ಗಾಜು ಆಗ್ಲೇ ಇರುತ್ತೆ, ಫೋಟೋಗೆ ಇದ್ರಿಂದ ಲಾಭ ಇಲ್ಲ. ಸಮುದ್ರದ ಉಪ್ಪುನೀರು ಸಿಡಿಯೋ ಕಡೆ, ಮರಳು ಹಾರೋ ಕಡೆ ಖಂಡಿತಾ ಹಾಕಿ, ಉಳಿದ ದಿನ ಹುಡ್ ಸಾಕು, ಕ್ಯಾಮೆರಾ ಎಲ್ಲಾದ್ರೂ ತಗುಲಿದ್ರೆ ಮೊದಲ ಪೆಟ್ಟು ಹುಡ್ಡೇ ತಗೊಳ್ಳುತ್ತೆ. ರಾತ್ರಿ ಮಾತ್ರ ಮರೀದೆ ಬಿಚ್ಚಿ. ಒಂದ್ಸಲ ದೀಪಾಲಂಕಾರದ ಫೋಟೋ ಒಂದು ರಾತ್ರಿ ಪೂರ್ತಿ ತೆಗೆದು ಮನೆಗೆ ಬಂದು ದೊಡ್ಡ ಸ್ಕ್ರೀನಲ್ಲಿ ನೋಡಿದ್ರೆ ಪ್ರತಿ ದೀಪಕ್ಕೂ ಒಂದೊಂದು ಹಸಿರು ಚುಕ್ಕೆ, ದೀಪ ಬಲಗಡೆ ಮೇಲಿದ್ರೆ ಚುಕ್ಕೆ ಎಡಗಡೆ ಕೆಳಗೆ, ಕರಾರುವಾಕ್ಕಾಗಿ ಎದುರು ಮೂಲೆಯಲ್ಲಿ. ಸೆನ್ಸರಿಂದ ವಾಪಸ್ ಹೋದ ಬೆಳಕು ಅಗ್ಗದ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಒಳಗೆ ಬಂದಿತ್ತು. ಅವತ್ತಿನ ಒಂದು ಫೋಟೋನೂ ಉಳೀಲಿಲ್ಲ.

ಫಿಲ್ಟರ್ ಸಿಕ್ಕಾಕ್ಕೊಂಡು ಬಿಚ್ಚೋಕೆ ಬರ್ತಿಲ್ಲ ಅಂದ್ರೆ ಎರಡು ಬೆರಳಲ್ಲಿ ಒತ್ತಿ ಹಿಡೀಬೇಡಿ, ಒತ್ತಿದಷ್ಟೂ ರಿಂಗ್ ಮೊಟ್ಟೆ ಆಕಾರಕ್ಕೆ ಬಗ್ಗಿ ಇನ್ನೂ ಕಚ್ಕೊಳ್ಳುತ್ತೆ. ಅಗಲದ ರಬ್ಬರ್ ಬ್ಯಾಂಡ್ ಒಂದನ್ನ ರಿಂಗಿನ ಸುತ್ತ ಹಾಕಿ ಐದೂ ಬೆರಳು ಸಮನಾಗಿ ಹರಡಿ ಹಗುರವಾಗಿ ತಿರುಗಿಸಿ. ಅದಕ್ಕೂ ಬಗ್ಗದಿದ್ರೆ ಲೆನ್ಸನ್ನ ಮುಖ ಕೆಳಗೆ ಮಾಡಿ ರಬ್ಬರಿನ ಮೌಸ್ ಪ್ಯಾಡ್ ಮೇಲೆ ಇಟ್ಟು ನಿಧಾನ ಒತ್ತಿ ತಿರುಗಿಸಿ, ಗಾಜು ಉಬ್ಬಿದ್ರೆ ಇದು ಬೇಡ, ರಿಂಗ್ ಮಾತ್ರ ತಗುಲ್ಬೇಕು.

ಒರೆಸೋವಾಗ ಮೊದಲು ಬ್ಲೋವರಿಂದ ಗಾಳಿ ಹೊಡೆದು ಧೂಳು ಹಾರ್ಸಿ, ಉಳಿದದ್ದನ್ನ ಮೆತ್ತನೆ ಬ್ರಷ್ಷಿಂದ ತೆಗೀರಿ, ಆಮೇಲೇ ಮೈಕ್ರೋಫೈಬರ್ ಬಟ್ಟೆ, ನಡುವಿಂದ ಅಂಚಿನ ಕಡೆಗೆ ಸುತ್ತಿಸ್ತಾ. ಧೂಳು ಇದ್ದ ಹಾಗೇ ಅಂಗಿ ಅಂಚಲ್ಲಿ ಒರೆಸಿದ್ರೆ ಒಂದೊಂದು ಕಣವೂ ಕೋಟಿಂಗ್ ಮೇಲೆ ಗೀಚುತ್ತೆ. ಮಳೆಯಲ್ಲಿ ಓಡಾಡಿ ಬಂದ ದಿನ ಲೆನ್ಸನ್ನ ಹಾಗೇ ಬ್ಯಾಗಲ್ಲಿ ಮುಚ್ಚಿಡ್ಬೇಡಿ, ಒಂದು ರಾತ್ರಿ ಹೊರಗಿಟ್ಟು ಒಣಗಿಸಿ, ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳಿನ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ನೀರು ಹೀರಿ ತುಂಬಿದೆ ಅಂತ, ಬದಲಾಯಿಸಿ. ತಿಂಗಳಿಗೊಮ್ಮೆ ಡಬ್ಬಿ ತೆಗೆದು ಲೆನ್ಸಿನ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಸ್ವಲ್ಪ ಓರೆಯಾಗಿ ನೋಡಿ, ಜೇಡರ ಬಲೆಯ ತೆಳ್ಳನೆ ಎಳೆ ಥರ ಏನಾದ್ರೂ ಕಂಡ್ರೆ ಫಂಗಸ್ ಶುರುವಾಗಿದೆ, ಅದನ್ನ ಬೇರೆ ಲೆನ್ಸುಗಳಿಂದ ದೂರ ಇಟ್ಟು ಬೇಗ ರಿಪೇರಿಗೆ ಕೊಡಿ.