ಹೊಲದಲ್ಲಿ ಹಳೇ ಬೋಕಿ, ರೋಮನ್ ನಾಣ್ಯ ಕಂಡರೆ ಏನು ಮಾಡಬೇಕು?

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ತಿಬೇರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. 1891ರಲ್ಲಿ ಯಶವಂತಪುರದಲ್ಲಿ ಒಂದೇ ಕಡೆ ಇಂಥ 163 ನಾಣ್ಯಗಳು ಸಿಕ್ಕಿದ್ದವು. ನಿಮ್ಮೂರ ಹೊಲದಲ್ಲೂ ಇರಬಹುದು, ಅಲ್ವಾ?

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ಹಿರಿಯರು ‘ಹಾಳೂರು’ ಅನ್ನುವ ಕಡೆ, ಬೂದಿ ಬಣ್ಣದ ಮಣ್ಣಿನ ದಿಬ್ಬ ಇದ್ದರೆ ಅಲ್ಲಿಂದ ಶುರು ಮಾಡಿ. ಹೊಲದವರನ್ನು ಕೇಳಿಯೇ ಕಾಲಿಡಿ. ಉತ್ತ ಮೇಲೆ ಒಂದು ಮಳೆ ಬಿದ್ದಿದ್ದರೆ ಒಳ್ಳೇದು, ಮಣ್ಣು ತೊಳೆದು ಚೂರುಗಳು ಎದ್ದು ಕಾಣುತ್ತವೆ. ನಾಲ್ಕೈದು ಜನ ದೂರ ದೂರ ನಿಂತು, ನೇಗಿಲ ಸಾಲು ಹಿಡಿದು ನಿಧಾನವಾಗಿ ನಡೆಯಿರಿ. ಗುದ್ದಲಿ ಮಾತ್ರ ಬೇಡ. ಅನುಮತಿ ಇಲ್ಲದೆ ಅಗೆಯುವ ಹಾಗಿಲ್ಲ.

ಜಾಸ್ತಿ ಸಿಗುವುದು ಬೋಕಿ, ಅಂದರೆ ಒಡೆದ ಮಡಕೆಯ ಚೂರು. ಸುಮ್ನೆ ಎಸೆಯಬೇಡಿ, ತಿರುಗಿಸಿ ನೋಡಿ. ಒಳಗೆ ಕಪ್ಪು, ಹೊರಗೆ ಕೆಂಪು ಇದೆಯಾ? ಮಡಕೆ ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿಯಾಡದೆ ಹಾಗಾಗುತ್ತದೆ. ತಟ್ಟೆಯ ಒಳತಳದ ಚೂರಾದರೆ ಉಗುರು ಆಡಿಸಿ. ಸಣ್ಣ ಸಣ್ಣ ಕಚ್ಚುಗಳು ಸುತ್ತುಸುತ್ತಾಗಿ ತಾಗಿದರೆ ಅದು ‘ರೂಲೆಟೆಡ್’ ಪಾತ್ರೆ ಇರಬಹುದು. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಇಂಥ ತಟ್ಟೆಗಳು ಕಾಲ ಗೊತ್ತಿದ್ದ ರೋಮನ್ ಸಾಮಾನಿನ ಜೊತೆ ಸಿಕ್ಕಿದ್ದವು. ಆ ಎಳೆ ಹಿಡಿದೇ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಯ ಮಣ್ಣಿನ ಪದರಗಳ ಕಾಲ ಲೆಕ್ಕ ಹಾಕಿದರು. ಒಂದು ಚೂರಿಗೆ ಅಷ್ಟು ಬೆಲೆ ಬಂದದ್ದು ಅದು ಯಾವ ಪದರದಲ್ಲಿ, ಯಾವುದರ ಜೊತೆ ಇತ್ತು ಅಂತ ಬರೆದಿಟ್ಟಿದ್ದರಿಂದ. ಈ ತಟ್ಟೆ ರೋಮ್‌ನದೇ ಅಂತ ಆಗ ನಂಬಿದ್ದರು. ಆಮೇಲೆ ಜೇಡಿಮಣ್ಣು ಪರೀಕ್ಷಿಸಿದಾಗ ನಮ್ಮ ದೇಶದ್ದೇ ಅಂತ ಗೊತ್ತಾಯಿತು.

ನಾಣ್ಯ ಕಂಡರೆ ಕೈ ಹಾಕುವ ಮೊದಲೇ ಬಿದ್ದಲ್ಲೇ ಫೋಟೊ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ಇಡಿ. ತಿಬೇರಿಯಸ್‌ನ ಬೆಳ್ಳಿ ನಾಣ್ಯ ‘ದೆನಾರಿಯಸ್’ ಅದಕ್ಕಿಂತ ತುಸು ಚಿಕ್ಕದು, ತೂಕ ನಾಲ್ಕು ಗ್ರಾಮಿನೊಳಗೆ. ಒಂದು ಕಡೆ ಎಲೆಗಳ ಕಿರೀಟ ತೊಟ್ಟ ತಲೆ, ಇನ್ನೊಂದು ಕಡೆ ಕುಳಿತ ಹೆಂಗಸು. ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ, ಅಕ್ಷರ ಸವೆದುಹೋಗುತ್ತದೆ. ಅಕ್ಕಸಾಲಿಗರ ಹತ್ತಿರವೂ ಒಯ್ಯಬೇಡಿ. ಕರಗಿದರೆ ಮುಗಿಯಿತು.

ಸರ್ವೆ ನಂಬರು, ತಾರೀಕು, ಯಾವ ಬದುವಿನಿಂದ ಎಷ್ಟು ಹೆಜ್ಜೆ ಅಂತ ಅಲ್ಲೇ ನಿಂತು ಬರೆದುಕೊಳ್ಳಿ. ಫೋನಿನಲ್ಲಿ ಲೊಕೇಶನ್ ಉಳಿಸಿ. ಬೋಕಿ ಚೂರನ್ನು ಎತ್ತಿದ ಸಾಲಿನಲ್ಲೇ ವಾಪಸ್ ಇಡಿ. ನಾಣ್ಯದ ವಿಷಯ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ, ಪುರಾತತ್ವ ಇಲಾಖೆಗೂ ಒಂದು ಪತ್ರ ಹಾಕಿ. ಜೊತೆಗೆ ಆ ಫೋಟೊ, ಆ ಚೀಟಿ ಎರಡೂ ಇರಲಿ.