ಕಬ್ಬಿನ ಪುಸ್ತಕಕ್ಕೆ ಯಾವ ನಂಬರ್? ವೆಬ್‌ಡ್ಯೂಯಿ ಬಳಸುವ ಬಗೆ

ಮಂಡ್ಯದಲ್ಲಿ ಲೈಬ್ರರಿ ಕೆಲಸ ಮಾಡುವವರ ಟೇಬಲ್ಲಿಗೆ ಕಬ್ಬಿನ ಪುಸ್ತಕ ಬರದೇ ಇರುತ್ತದೆಯೇ? ಅದನ್ನೇ ಇಟ್ಟುಕೊಂಡು ನೋಡೋಣ. ಕರ್ನಾಟಕದ ಕಬ್ಬು ಬೇಸಾಯದ ಬಗ್ಗೆ ಒಂದು ಪುಸ್ತಕ ಬಂದಿದೆ. ಅದಕ್ಕೆ ಡ್ಯೂಯಿ ನಂಬರ್, ಅಂದರೆ ವಿಷಯ ನೋಡಿ ಪುಸ್ತಕ ಯಾವ ಕಪಾಟಿಗೆ ಎಂದು ಹೇಳುವ ನಂಬರ್, ಹಾಕಬೇಕು.

ಮುದ್ರಿತ ಡ್ಯೂಯಿಯ 23ನೇ ಆವೃತ್ತಿ 2011ರದು. ನಾಲ್ಕು ದಪ್ಪ ಸಂಪುಟ. ನಾಲ್ಕನೆಯದರಲ್ಲಿ ಸೂಚಿ ನೋಡಿ, ಮೂರನೆಯದರಲ್ಲಿ ಬೇಸಾಯ ತೆಗೆದು, ಒಂದನೆಯದರಲ್ಲಿ ಕರ್ನಾಟಕ ಹುಡುಕಬೇಕು. ಇರುವ ಎರಡು ಕೈ ಸಾಲುವುದಿಲ್ಲ. ವೆಬ್‌ಡ್ಯೂಯಿ ಇದರದೇ ಆನ್‌ಲೈನ್ ರೂಪ. ಓಸಿಎಲ್‌ಸಿ ಸಂಸ್ಥೆಯದು, ಚಂದಾ ಕಟ್ಟಬೇಕು. ಹೊಸ ನಂಬರುಗಳು ಆಗಾಗ ಸೇರುತ್ತಿರುತ್ತವೆ. ಕೋವಿಡ್‌ಗೆ ಈಗ 616.2414 ಇದೆ. 2011ರ ಸಂಪುಟದಲ್ಲಿ ಅದು ಎಲ್ಲಿಂದ ಬರಬೇಕು?

ಲಾಗಿನ್ ಆಗಿ, ಹುಡುಕುವ ಜಾಗದಲ್ಲಿ ‘ಶುಗರ್‌ಕೇನ್’ ಎಂದು ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಒಂದಲ್ಲ, ಹಲವು ನಂಬರ್ ಬರುತ್ತವೆ. ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲೇ. 633.61 ಅಂದರೆ ಗದ್ದೆಯಲ್ಲಿರುವ ಕಬ್ಬು. 664.122 ಅಂದರೆ ಕಬ್ಬು ಅರೆದು ಸಕ್ಕರೆ ಮಾಡುವುದು. ಆ ಸಕ್ಕರೆ ಉದ್ಯಮದ ಲಾಭ, ನಷ್ಟ, ಮಾರುಕಟ್ಟೆ ಆದರೆ 338.47664122. ಬಾಲದಲ್ಲಿ ಅದೇ 664122 ಕೂತಿದೆ ಅಲ್ವಾ? ಒಂದೇ ಕಂಪನಿಯ ಚರಿತ್ರೆ, ಅಂದರೆ 1933ರಲ್ಲಿ ಶುರುವಾದ ನಮ್ಮ ಮೈಶುಗರ್‌ನಂಥದ್ದು, 338.7664122ಕ್ಕೆ ಹೋಗುತ್ತದೆ. ಕಬ್ಬು ಒಂದೇ, ಕಪಾಟು ನಾಲ್ಕು.

ಮೊದಲು ಕಂಡ ನಂಬರನ್ನೇ ಸುಮ್ನೆ ಒತ್ತಿಬಿಡಬೇಡಿ. ಅದರ ವಂಶಾವಳಿ ನೋಡಿ: 630 ಕೃಷಿ, 633 ಹೊಲದ ಬೆಳೆ, 633.6 ಸಕ್ಕರೆ ಮತ್ತು ಪಿಷ್ಟದ ಬೆಳೆ, 633.61 ಕಬ್ಬು. ಆಮೇಲೆ ಕೆಳಗಿನ ಟಿಪ್ಪಣಿ ಓದಿ. ‘ಇದು ಇಲ್ಲಿಗಲ್ಲ, ಅಲ್ಲಿಗೆ’ ಎಂದು ಎಷ್ಟೋ ಸಲ ಅಲ್ಲೇ ಬರೆದಿರುತ್ತದೆ. ಪುಸ್ತಕದ ಹೆಸರನ್ನಂತೂ ನಂಬಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೆಸರಲ್ಲಿ ಕಬ್ಬು ಇದೆ ಎಂದು ಒಂದು ಕಾದಂಬರಿಯನ್ನು ಕೃಷಿಗೆ ಸೇರಿಸಿದ್ದೆ. ಕನ್ನಡ ಕಾದಂಬರಿಗೆ 894.8143 ಎಂದು ಗೊತ್ತಿರಲಿಲ್ಲ ಅಂತಲ್ಲ, ಪುಸ್ತಕ ತೆರೆದೇ ನೋಡಿರಲಿಲ್ಲ. ಆ ಬೇಸಾಯದ ಕಪಾಟಿನಲ್ಲಿ ಅದನ್ನು ಯಾವ ಓದುಗ ಹುಡುಕಿಯಾನು?

ಈಗ ಕರ್ನಾಟಕವನ್ನು ಸೇರಿಸೋಣ. 633.61ರ ಪುಟದಲ್ಲಿ ‘ಸ್ಟಾರ್ಟ್’ ಒತ್ತಿ. ನಂಬರಿನ ಬಾಲಕ್ಕೆ ಜೋಡಿಸುವ ತುಣುಕುಗಳಿಗೆ ಡ್ಯೂಯಿಯಲ್ಲಿ ಬೇರೆ ಕೋಷ್ಟಕಗಳಿವೆ. ಅವುಗಳಲ್ಲಿ ಒಂದನೇ ಕೋಷ್ಟಕದಿಂದ 09 ಆರಿಸಿ. ಇದು ಜಾಗದ ಸಂಗತಿ ಬರುತ್ತಿದೆ ಎಂದು ಹೇಳುವ ಗುರುತು. ಎರಡನೇ ಕೋಷ್ಟಕದಲ್ಲಿ ಕರ್ನಾಟಕಕ್ಕೆ 5487. ಪ್ರತಿಯೊಂದಕ್ಕೂ ‘ಆ್ಯಡ್’ ಒತ್ತುತ್ತಾ ಬಂದರೆ 633.61095487 ತಯಾರು. ಕೊನೆಗೆ ‘ಸೇವ್’ ಮಾಡಿದರೆ ಮುಂದಿನ ಸಲ ಮತ್ತೆ ಕಟ್ಟಬೇಕಿಲ್ಲ. ಒಂದೆರಡು ಸಲ ಕಾಗದದ ಮೇಲೂ ಕಟ್ಟಿ ನೋಡಿ. ಬರೀ ಬಟನ್ ಒತ್ತಿ ಕಲಿತವರಿಗೆ 09 ಯಾಕೆ ಬಂತು ಎನ್ನುವುದು ತಲೆಗೆ ಹೋಗುವುದಿಲ್ಲ ಅನ್ನೋದು ನನ್ನ ಅನುಭವ.

ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಳಸುವವರು ಈ ನಂಬರನ್ನು ಮಾರ್ಕ್ ದಾಖಲೆಯ (ಪುಸ್ತಕದ ವಿವರವನ್ನು ಕಂಪ್ಯೂಟರಿಗೆ ತುಂಬುವ ನಮೂನೆ) 082ನೇ ಫೀಲ್ಡಿನಲ್ಲಿ ‘ಎ’ ಸಬ್‌ಫೀಲ್ಡಿಗೆ ಹಾಕಿ, ‘2’ರಲ್ಲಿ 23 ಎಂದು ಆವೃತ್ತಿ ಬರೆಯಬೇಕು.

ಚಂದಾ ಕಟ್ಟಲು ದುಡ್ಡಿಲ್ಲದ ಲೈಬ್ರರಿಗಳೇ ನಮ್ಮಲ್ಲಿ ಜಾಸ್ತಿ. ಅವರು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ಯಾಟಲಾಗ್ ತೆರೆದು, ಅದೇ ಪುಸ್ತಕದ್ದೋ ಅದರಂಥದ್ದೋ ದಾಖಲೆಯಲ್ಲಿ 082 ನೋಡಬಹುದು. ಬಿಟ್ಟಿಯಾಗಿ ಸಿಗುತ್ತದೆ. ಅಲ್ಲಿ ಕೆಲವು ನಂಬರುಗಳ ನಡುವೆ ಓರೆ ಗೆರೆ ಇರುತ್ತದೆ. ಉದ್ದ ಬೇಡ ಎನ್ನುವವರು ಎಲ್ಲಿ ಕತ್ತರಿಸಬಹುದು ಎಂಬ ಸೂಚನೆ ಅದು.

ಕತ್ತರಿಸುವ ಮಾತು ಬಂದದ್ದಕ್ಕೆ: ಪುಸ್ತಕದ ಬೆನ್ನಿನ ಸಣ್ಣ ಲೇಬಲ್ಲಿಗೆ 633.61095487 ಒಂದೇ ಸಾಲಿನಲ್ಲಿ ಹಿಡಿಯುವುದಿಲ್ಲ. ಕಬ್ಬಿನ ಪುಸ್ತಕ ಎರಡೋ ಮೂರೋ ಇರುವ ಕಡೆ 633.61ಕ್ಕೆ ನಿಲ್ಲಿಸಿ. ಆದರೆ 633.610 ಎಂದು ಸೊನ್ನೆಯಲ್ಲಿ ನಿಲ್ಲಿಸುವಂತಿಲ್ಲ. ಮಂಡ್ಯದಲ್ಲಿ ಕಪಾಟು ತುಂಬ ಕಬ್ಬೇ ಇದ್ದರೆ ಪೂರ್ತಿ ನಂಬರ್ ಇರಲಿ, ಎರಡು ಸಾಲಿನಲ್ಲಿ ಬರೆಯಿರಿ.