ಎರೆ ಮಣ್ಣಿನ ಮೇಲೊಂದು ಪಟ್ಟಿಂಗ್ ಗ್ರೀನ್

ಕೃತಕ ಹುಲ್ಲು ಮಾರುವವರು ಮೊದಲು ಕೇಳುವುದು ಅದರ ಎತ್ತರವನ್ನು: "ಎಷ್ಟು ಎಂಎಂ ಬೇಕು?" ಎಂದು. ಹುಬ್ಬಳ್ಳಿಯಲ್ಲಿ ಹಿತ್ತಲಿಗೆ ಪಟ್ಟಿಂಗ್ ಗ್ರೀನ್, ಅಂದರೆ ಗಾಲ್ಫ್ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವ ನುಣುಪಾದ ಹುಲ್ಲುಹಾಸು, ಹಾಕಿಸಲು ಹೊರಟವರು ಅದಕ್ಕೂ ಮೊದಲು ನೋಡಬೇಕಾದದ್ದು ಕಾಲ ಕೆಳಗಿನ ಮಣ್ಣನ್ನು. ನಮ್ಮದು ಅಪ್ಪಟ ಎರೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹತ್ತಿ, ಜೋಳ ಬೆಳೆಯುವವರು ಈ ಮಣ್ಣಿಗೆ ಕೈಮುಗಿಯಲಿ. ಗಾಲ್ಫ್ ಚೆಂಡು ಹೇಳಿದ ದಾರಿಯಲ್ಲಿ ಉರುಳಬೇಕು ಎನ್ನುವವನಿಗೆ ಇದರಷ್ಟು ತಕರಾರಿನ ನೆಲ ಇನ್ನೊಂದಿಲ್ಲ.

ನನ್ನ ಹಿತ್ತಲಿನ ಕೃತಕ ಹುಲ್ಲಿನ ಗ್ರೀನ್ ನೋಡಿ, ನಿಜವಾದ ಹುಲ್ಲನ್ನೇ ಏಕೆ ಬೆಳೆಸಲಿಲ್ಲ ಎಂದು ಕೇಳುವವರಿದ್ದಾರೆ. ಕ್ಲಬ್ಬುಗಳ ಗ್ರೀನ್ ಮೇಲಿನ ಬರ್ಮುಡಾ ಹುಲ್ಲನ್ನು ಮೂರ್ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ದಿನವೂ ಕತ್ತರಿಸಬೇಕು. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಬಡಾವಣೆಯಲ್ಲಿ ಆ ಮಾತೇ ಬೇಡ.

ಎರೆ ಮಣ್ಣನ್ನು ಪಳಗಿಸುವ ವಿದ್ಯೆ ಹೊಸದೇನಲ್ಲ. ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ಉಬ್ಬದ ಅಂಟು ಮಣ್ಣಿನ ಪದರವೊಂದನ್ನು ಎರೆಯ ಮೇಲೆ ಹೇರಿ ಅದರ ಉಬ್ಬರವನ್ನು ತಡೆಯುವ ವಿಧಾನವನ್ನು ದಶಕಗಳ ಹಿಂದೆಯೇ ರೂಪಿಸಿದ್ದರು. ನಮ್ಮ ಕಡೆ ಆ ಕೆಲಸಕ್ಕೆ ಒದಗುವುದು ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು. ಕಾಲುವೆ, ಕಟ್ಟಡಗಳಿಗೆ ಬೇಕಾಗುವಷ್ಟು ಆಳ ಹಿತ್ತಲಿಗೆ ಬೇಕಿಲ್ಲ ಎಂದು ಲೆಕ್ಕ ಹಾಕಿ ನಾನು ಒಂದೂವರೆ ಅಡಿಗೆ ನಿಂತೆ. ಅಷ್ಟಕ್ಕೇ ಗೌಂಡಿ, "ಸಾಹೇಬರೇ, ಚೆಂಡು ಉರುಳಿಸಲಿಕ್ಕೆ ಮನೆಯ ಪಾಯ ತೋಡಿಸುತ್ತೀರಲ್ಲ!" ಎಂದು ನಕ್ಕ.

ತೋಡಿದ ಕೂಡಲೇ ಗರಸು ಸುರಿಯಬಾರದು. ಬಿರಿದ ಒಣ ತಳದ ಮೇಲೆ ಎಷ್ಟೇ ಬಿಗಿಯಾಗಿ ತುಂಬಿದರೂ ಮೊದಲ ಮಳೆಗೆ ಅದು ಉಬ್ಬಿ ಮೇಲಿನದನ್ನೆಲ್ಲ ಎತ್ತುತ್ತದೆ. ಹಾಗಾಗಿ ತಳಕ್ಕೆ ಬಿರುಕು ಮುಚ್ಚುವವರೆಗೆ ನೀರು ಕುಡಿಸಿ, ಕೆಸರು ಆರಿದ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ಮಣ್ಣಿನ ಪದರಗಳು ಬೆರೆಯದಂತೆ ತಡೆಯುವ ಹಾಸು) ಹಾಸಿದೆವು. ಗುಂಡಿಯ ಸುತ್ತಲಿನ ಗೋಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಟ್ಟಗೆ ನಿಲ್ಲಿಸಿದೆವು. ಪಕ್ಕದ ಮಣ್ಣಿನ ತೇವ ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು. ಎರೆಯಲ್ಲಿ ನೀರಿಗಿಂತ ನೀರಿನ ಏರಿಳಿತವೇ ಹೆಚ್ಚು ಕೆಡುಕು. ಆಮೇಲೆ ಗರಸನ್ನು ನಾಲ್ಕು ಇಂಚಿನ ಪದರಗಳಲ್ಲಿ ಹರಡಿ, ನೀರು ಚಿಮುಕಿಸಿ, ಬಾಡಿಗೆಯ ಪ್ಲೇಟ್ ಕಂಪ್ಯಾಕ್ಟರಿನಿಂದ ಧಮ್ಮಸ್ಸು ಮಾಡಿದೆವು. ಅದರ ಮೇಲೆ ಸಣ್ಣ ಖಡಿ, ಎಲ್ಲಕ್ಕಿಂತ ಮೇಲೆ ಕಲ್ಲಿನ ಪುಡಿ. ಖರ್ಚಿನ ಬಹುಪಾಲು ಹೀಗೆ ಕಣ್ಣಿಗೆ ಕಾಣದ ಕಡೆ ಹೋಯಿತು. ಮನೆಯವಳಿಗೆ ಇದನ್ನು ಒಪ್ಪಿಸುವುದು ಮಣ್ಣನ್ನು ಒಪ್ಪಿಸುವುದಕ್ಕಿಂತ ಕಷ್ಟ.

ಗ್ರೀನಿನ ಏರು ತಗ್ಗುಗಳೆಲ್ಲ ರೂಪುಗೊಳ್ಳುವುದು ಕಲ್ಲಿನ ಪುಡಿಯ ಪದರದಲ್ಲಿ. ನೀರು ಹರಿದುಹೋಗಲು ಮೀಟರಿಗೆ ಒಂದೂವರೆ ಸೆಂಟಿಮೀಟರ್ ಇಳಿಜಾರು ಸಾಕು. ಒಂದು ಮೂಲೆಯಲ್ಲಿ ಮಾತ್ರ ಚೆಂಡು ಎಡಕ್ಕೆ ಹೊರಳಲಿ ಎಂದು ದುಪ್ಪಟ್ಟು ಕೊಟ್ಟೆ. ಕುಳಿಗಳ ಸುತ್ತ ಎರಡು ಅಡಿ ಹೆಚ್ಚುಕಡಿಮೆ ಸಮತಟ್ಟು ಇರಬೇಕು. ಇಲ್ಲವಾದರೆ ತಪ್ಪಿದ ಚೆಂಡು ನಿಲ್ಲದೆ ಅಂಚಿಗೆ ಓಡುತ್ತದೆ. ಮಟ್ಟಗೋಲು, ರಸಮಟ್ಟ ಎರಡೂ ಬೇಕೇ ಬೇಕು. ಆದರೆ ನಾನು ಕೊನೆಗೆ ನಂಬಿದ್ದು ಚೆಂಡನ್ನೇ. ಹುಲ್ಲು ಹಾಸುವ ಮುನ್ನ ಬರಿಯ ಪುಡಿಯ ಮೇಲೆ ಎಲ್ಲ ದಿಕ್ಕಿನಿಂದಲೂ ಚೆಂಡು ಉರುಳಿಸಿದರೆ, ಮಟ್ಟಗೋಲಿಗೆ ಸಿಗದ ಉಬ್ಬುಗಳು ಅದರ ಜಾಡಿನಲ್ಲಿ ಎದ್ದು ಕಾಣುತ್ತವೆ. ಕೊಡದಲ್ಲಿ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಎಂದೂ ನೋಡಿಕೊಂಡೆವು.

ಗಾಲ್ಫ್ ಕುಳಿಯ ವ್ಯಾಸ 108 ಮಿಲಿಮೀಟರ್. ಪ್ಲಂಬರ್ "ನಾಲ್ಕಿಂಚು" ಎನ್ನುವ ಪಿವಿಸಿ ಪೈಪಿನ ಹೊರ ಅಳತೆ 110. ಗೋಡೆಯ ದಪ್ಪ ಕಳೆದರೆ ಒಳಗೆ ಕುಳಿಗಿಂತ ತುಸು ಸಣ್ಣದೇ ಆಗುತ್ತದೆ. ಅಭ್ಯಾಸಕ್ಕೆ ಬಿಗಿಯಾದ ಕುಳಿಯೇ ಒಳ್ಳೆಯದು ಎಂಬುದು ನನ್ನ ವಾದ. ಹಾಗಾಗಿ ಕುಳಿಯೊಳಗೆ ಕೂರಿಸುವ ಕಪ್ ತರಿಸುವ ಗೋಜಿಗೆ ಹೋಗದೆ ಪೈಪಿನ ತುಂಡುಗಳನ್ನೇ ಹೂತೆ. ಅಡಿಯನ್ನು ಮುಚ್ಚದೆ ಖಡಿ ತುಂಬಿದ್ದರಿಂದ ನೀರು ಇಂಗಿಹೋಗುತ್ತದೆ.

ಇನ್ನು ಹುಲ್ಲು. ಅಂಗಳಕ್ಕೆ ಹಾಸುವ 35 ಎಂಎಂ ಹುಲ್ಲಿನ ಮೇಲೆ ಪಟ್ಟಿಂಗ್ ಸಾಧ್ಯವಿಲ್ಲ. 12ರಿಂದ 15 ಎಂಎಂನ ದಟ್ಟ ನೇಯ್ಗೆ ಬೇಕು. ನೈಲಾನ್ ಹುಲ್ಲು ಮರಳಿಲ್ಲದೆಯೂ ನಿಲ್ಲುತ್ತದೆ, ಬೆಲೆ ಜಾಸ್ತಿ. ನಾನು ಮರಳು ತುಂಬುವ ಪಾಲಿಪ್ರೊಪಿಲೀನ್ ಆರಿಸಿದೆ, ಏಕೆಂದರೆ ಚೆಂಡಿನ ವೇಗವನ್ನು ಮರಳಿನಿಂದ ಹೊಂದಿಸಿಕೊಳ್ಳಬಹುದು. ಸುರುಳಿಗಳ ನೂಲು ಒಂದೇ ದಿಕ್ಕಿಗೆ ಮಲಗಿರಬೇಕು. ಹಿಂಬದಿಯಿಂದ, ನೇಯ್ಗೆಯ ಸಾಲುಗಳ ನಡುವೆ ಬ್ಲೇಡ್ ಆಡಿಸಿ ಕತ್ತರಿಸಿದರೆ ಬೆಸುಗೆ ಕಾಣುವುದಿಲ್ಲ. ಬೆಸುಗೆಗೆ ಅಂಟು ಹಾಕಿದರೂ ಅಂಚಿಗೆ ಮೊಳೆ ಮಾತ್ರ ಹೊಡೆಸಿದೆ. ಈ ಮಣ್ಣಿನಲ್ಲಿ ಎಂದಾದರೊಂದು ದಿನ ಎತ್ತಿ ನೋಡುವ ಕೆಲಸ ಇದ್ದೇ ಇರುತ್ತದೆ. ಮೊದಲ ಮಳೆಗಾಲ ಮುಗಿದಾಗ ಮಾಳಿಗೆಯ ನೀರು ಬೀಳುವ ಬದಿ ಬೆರಳಿನ ದಪ್ಪದಷ್ಟು ಎದ್ದಿತ್ತು. ಮೊಳೆ ಕಿತ್ತು, ಪುಡಿ ಕೆರೆದು, ಮತ್ತೆ ಹಾಸಿದೆವು. ಮಾಳಿಗೆಯ ನೀರನ್ನು ಪೈಪಿನಲ್ಲಿ ಆಚೆಗೆ ಬಿಟ್ಟೆವು.

ಒಣಗಿದ ಸಿಲಿಕಾ ಮರಳನ್ನು ತೆಳುವಾಗಿ ಎರಚಿ, ಪ್ರತಿ ಬಾರಿಯೂ ಗಡುಸಾದ ಬ್ರಷ್‌ನಿಂದ ನೂಲಿನ ಬುಡಕ್ಕೆ ಇಳಿಸಬೇಕು. ಮರಳು ಹೆಚ್ಚಿ, ರೋಲರ್ ಓಡಿಸಿದಷ್ಟೂ ಗ್ರೀನ್ ಚುರುಕಾಗುತ್ತದೆ. ಅಳೆಯಲು ಸ್ಟಿಂಪ್‌ಮೀಟರ್ ಬೇಕು. 1935ರಲ್ಲಿ ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್ ಯೋಚಿಸಿದ ಈ ಉಪಕರಣ ಇಂದಿಗೂ ಮೂರು ಅಡಿಯ ಒಂದು ಪಟ್ಟಿ ಮಾತ್ರ: ಒಂದು ತುದಿ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನಾಗಿ ಬಿಡುಗಡೆಯಾಗುತ್ತದೆ, ನೆಲದ ಮೇಲೆ ಎಷ್ಟು ಅಡಿ ಉರುಳಿತೋ ಅದೇ ವೇಗದ ಲೆಕ್ಕ. ಅಲ್ಯುಮಿನಿಯಂ ಆ್ಯಂಗಲ್‌ನಿಂದ ನಾನೇ ಒಂದನ್ನು ಮಾಡಿಕೊಂಡೆ. ಎರಡೂ ದಿಕ್ಕಿಗೆ ಉರುಳಿಸಿ ಸರಾಸರಿ ತೆಗೆದಾಗ ಒಂಬತ್ತು ಅಡಿಯ ಆಸುಪಾಸು ಬರುತ್ತದೆ. ಇದಕ್ಕಿಂತ ವೇಗ ನನಗೆ ಬೇಡ.

ಏಪ್ರಿಲ್, ಮೇ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡುವ ಹಾಗಿಲ್ಲ. ಆಟವೆಲ್ಲ ಬೆಳಗ್ಗೆ ಮತ್ತು ಸಂಜೆ. ಬೇವಿನ ಎಲೆಗೆ ಪೊರಕೆ ಸಾಕು. ಕನ್ನಡಿಯಂತೆ ಹೊಳೆಯುವ ಕಿಟಕಿಯ ಗಾಜಿನಿಂದ ಬಿಸಿಲು ಪ್ರತಿಫಲಿಸಿದರೆ ಇಂಥ ನೂಲು ಕರಗುವುದುಂಟು. ಮಗ್ಗುಲ ಮನೆಯವರು ಈಗ ಅಂಥದೇ ಗಾಜು ಹಾಕಿಸುವ ಮಾತಾಡುತ್ತಿದ್ದಾರೆ, ಆ ಬದಿಗೆ ನೆರಳು ಬಲೆ ಕಟ್ಟಿಸಬೇಕು.